ಟೆನ್ಷನ್ ತಗೋಬೇಡ ಅನ್ನದ ಸಿಸ್ಟರ್

ಈ ಸಲ ಅತಿಥಿ ಯಾರೂ ಇಲ್ಲ. ಸಿಂಗಾಪುರದ ನಮ್ಮನೆ ಮಹಡಿ ರೂಮಲ್ಲಿ ಫ್ಯಾನ್ ಆಫ್ ಮಾಡ್ಕೊಂಡು ನಾನೊಬ್ಬನೇ ಕೂತಿದ್ದೀನಿ. ಸಿಂಗಾಪುರ ಅಂದ ತಕ್ಷಣ ಹೊಸಬರು ವೀಸಾ ಎಷ್ಟು ದಿನಕ್ಕೆ ಸಿಕ್ತು ಅಂತ ಕೇಳ್ತಾರೆ. ಅದಲ್ಲ ಸ್ವಾಮಿ, ವಿದ್ಯಾರಣ್ಯಪುರದ ಪಕ್ಕ, ಎಂ.ಎಸ್. ಪಾಳ್ಯದ ಹತ್ರ ಇರೋ ಸಿಂಗಾಪುರ. ಪಾಸ್‌ಪೋರ್ಟ್ ಬೇಡ, ಬಿಎಂಟಿಸಿ ಪಾಸ್ ಸಾಕು.

ಮನೋವೈದ್ಯರ ಬಗ್ಗೆ ಮಾತಾಡಿ, ಕೌನ್ಸೆಲಿಂಗ್ ಬಗ್ಗೆ ಮಾತಾಡಿ ಅಂತ ನೀವೆಲ್ಲ ಮೆಸೇಜ್ ಹಾಕ್ತೀರ. ಸೈಕಿಯಾಟ್ರಿಕ್ ನರ್ಸ್ ಬಗ್ಗೆ ಮಾತಾಡಿ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಅಂಥೋರು ಇದ್ದಾರೆ ಅಂತ ನನಗೂ ಗೊತ್ತಿರಲಿಲ್ಲ, ನನಗೇ ಬೇಕಾಗೋ ತನಕ.

ಎರಡು ವರ್ಷದ ಹಿಂದಿನ ಮಾತು, ಸೆಪ್ಟೆಂಬರ್ ಕೊನೆ ವಾರ. ಬಿ.ಕಾಂ. ಮುಗಿಸಿ ಯಶವಂತಪುರದ ಒಂದು ಆಡಿಟ್ ಆಫೀಸಲ್ಲಿ ಕೆಲಸಕ್ಕಿದ್ದೆ. ಟ್ಯಾಕ್ಸ್ ಆಡಿಟ್ ರಿಪೋರ್ಟ್ ಹಾಕೋಕೆ 30ನೇ ತಾರೀಕು ಕೊನೆ ದಿನ. ಕಾಮರ್ಸ್ ಓದಿರೋರಿಗೆ ಆ ವಾರ ಗೊತ್ತು. ಉಳಿದೋರು ಪಿಯುಸಿ ಪರೀಕ್ಷೆ ಹಿಂದಿನ ರಾತ್ರಿಯನ್ನ ಏಳು ದಿನಕ್ಕೆ ಎಳೆದ್ರೆ ಹೇಗಿರತ್ತೆ ಅಂದ್ಕೊಳ್ಳಿ. ಬೆಳಿಗ್ಗೆ ಬಸ್ಸಲ್ಲಿ ನಿಂತಿದ್ದೆ. ಬಿಇಎಲ್ ಸರ್ಕಲ್ ಹತ್ರ ಎಂದಿನಂತೆ ಟ್ರಾಫಿಕ್ಕು, ಬಸ್ಸು ಅಲ್ಲಾಡ್ತಿಲ್ಲ. ಇದ್ದಕ್ಕಿದ್ದಂಗೆ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಕೈ ಜೋಮು ಹಿಡೀತು. ಉಸಿರು ಒಳಗೆ ಹೋಗ್ತಿದೆ, ಆದ್ರೆ ಸಾಲ್ತಿಲ್ಲ. ತಲೆಯಲ್ಲಿ ಒಂದೇ ಮಾತು: ಹಾರ್ಟ್ ಅಟ್ಯಾಕ್. ಇಲ್ಲೇ ಹೋಗ್ತೀನಿ, ಅಮ್ಮನಿಗೆ ಯಾರು ಫೋನ್ ಮಾಡ್ತಾರೆ?

ನಮ್ಮಪ್ಪ ಹೋಗಿದ್ದು ಹಾರ್ಟ್ ಅಟ್ಯಾಕಲ್ಲೇ. ಅವರಿಗೆ 52 ವರ್ಷ. ಬೆಳಿಗ್ಗೆ ಹಲ್ಲುಜ್ಜೋಕೆ ಅಂತ ಎದ್ದೋರು. ಅದಕ್ಕೇ ಬಸ್ಸಲ್ಲಿ ನನಗೆ ಬೇರೆ ಯಾವ ಕಾರಣನೂ ಹೊಳೀಲಿಲ್ಲ.

ಇಳಿದು, ಆಟೋ ಹಿಡಿದು, ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಇಸಿಜಿ ಮಾಡಿದ್ರು, ನಾರ್ಮಲ್. "ಏನೂ ಇಲ್ಲ, ಗ್ಯಾಸ್ ಇರಬೇಕು. ಟೆನ್ಷನ್ ತಗೋಬೇಡಿ" ಅಂದ್ರು. ಆಮೇಲೆ ಮೂರು ವಾರದಲ್ಲಿ ಇನ್ನೂ ಎರಡು ಸಲ ಇದೇ ಕತೆ. ಒಟ್ಟು ಮೂರು ಇಸಿಜಿ, ಮೂರು ಬಿಲ್ಲು, ಎಲ್ಲ ತಾರೀಕಿನ ಪ್ರಕಾರ ಫೈಲ್ ಮಾಡಿಟ್ಟೆ. ಮೂರನೇ ಸಲ ಡ್ಯೂಟಿಯಲ್ಲಿದ್ದ ಡಾಕ್ಟರ್ ಒಂದು ಚೀಟಿ ಬರೆದು, ಮನೋವೈದ್ಯ ವಿಭಾಗಕ್ಕೆ ತೋರಿಸಿ ಅಂದ್ರು. ಆ ಚೀಟಿ ನನ್ನ ಪರ್ಸಲ್ಲಿ 11 ದಿನ ಇತ್ತು.

ಇಲ್ಲೊಂದು ಮಾತು ಸೇರಿಸಲೇಬೇಕು. ಇಸಿಜಿ ಮಾಡಿಸಿದ್ದು ತಪ್ಪಲ್ಲ. ಎದೆನೋವು ಬಂದ್ರೆ ರೀಲ್ಸ್ ನೋಡಿ "ಇದು ಪ್ಯಾನಿಕ್ ಅಟ್ಯಾಕ್" ಅಂತ ನೀವೇ ತೀರ್ಮಾನ ಮಾಡ್ಕೋಬೇಡಿ. ಮೊದಲು ಹೃದಯ ನೋಡಿಸಿ.

ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆಯ ಓಪಿಡಿಗೆ ಹೋದೆ. ಕ್ಯೂ ಉದ್ದ ಇತ್ತು. ಅಲ್ಲೇ ಬೆಂಚ್ ಮೇಲೆ ಕೂತಿದ್ದಾಗ ಮತ್ತೆ ಶುರುವಾಯ್ತು. ಎದ್ದು ಓಡಿಹೋಗಬೇಕು ಅನ್ನಿಸ್ತು. ಎದುರಿಗೆ ರಿಜಿಸ್ಟರ್ ಬರೀತಿದ್ದ ಸಿಸ್ಟರ್ ಒಬ್ಬರು ಪೆನ್ ಕೆಳಗಿಟ್ಟು ಬಂದು ಪಕ್ಕದಲ್ಲಿ ಕೂತ್ರು. ಎದುರಿಗಲ್ಲ, ಪಕ್ಕದಲ್ಲಿ. ವಯಸ್ಸು 45ರ ಮೇಲಿರಬೇಕು, ಮಾತಲ್ಲಿ ತುಮಕೂರು ಕಡೆ ರಾಗ.

"ನಾನಿಲ್ಲೇ ಇರ್ತೀನಿ. ಕಾಲು ನೆಲಕ್ಕೆ ಊರಿ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು "ಉಸಿರು ಬಿಡಿ. ಇನ್ನೂ ಬಿಡಿ" ಅಂದ್ರು. ಅಷ್ಟೇ. ಏನಾಯ್ತು, ಯಾಕಾಯ್ತು ಅಂತ ಒಂದು ಪ್ರಶ್ನೆ ಇಲ್ಲ. ಟೆನ್ಷನ್ ತಗೋಬೇಡಿ ಅಂತಾನೂ ಅನ್ನಲಿಲ್ಲ. ಹತ್ತು ನಿಮಿಷಕ್ಕೆ ಎದೆ ಹಿಡಿತಕ್ಕೆ ಬಂತು. ಆಮೇಲೆ ನೀರು ಕೊಟ್ಟು, "ಈಗ ಹೇಳಿ, ಮನೇಲಿ ಯಾರಿದ್ದಾರೆ" ಅಂದ್ರು.

ಆ ಹತ್ತು ನಿಮಿಷದಲ್ಲಿ ಅವರು ಮಾಡಿದ್ದು ಏನು ಅಂತ ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ. ಈ ಎಪಿಸೋಡ್‌ಗೆ ಅಂತ ಮೊನ್ನೆ ಅವರ ಹತ್ರ ಕೂತು ಕೇಳಿದೆ. ಹೆಸರು ಹೇಳಬಾರದು, ಆಸ್ಪತ್ರೆ ಹೇಳಬಾರದು ಅಂತ ಕರಾರು. ಅದಕ್ಕೆ ಬರೀ ಸಿಸ್ಟರ್.

ಅಂದಹಾಗೆ ಅವರು ರೋಗಿ ಅನ್ನಲ್ಲ, ಕ್ಲೈಂಟ್ ಅಂತಾರೆ. ಮೊದಲ ದಿನ ನನಗೆ ನಗು ಬಂತು. ನಮ್ಮ ಆಫೀಸಲ್ಲಿ ಕ್ಲೈಂಟ್ ಅಂದ್ರೆ 20ನೇ ತಾರೀಕು ಸಂಜೆ ಬಿಲ್ಲುಗಳನ್ನ ಪ್ಲಾಸ್ಟಿಕ್ ಕವರಲ್ಲಿ ತುಂಬ್ಕೊಂಡು ಬಂದು ಜಿಎಸ್‌ಟಿ ರಿಟರ್ನ್ ಹಾಕಿ ಅನ್ನೋರು.

ಸರಿ, ಉಸಿರಿನ ವಿಷಯಕ್ಕೆ ಬರ್ತೀನಿ. ಗಾಬರಿಯಾದೋರಿಗೆ ನಾವೆಲ್ಲ ಏನು ಹೇಳ್ತೀವಿ? ಜೋರಾಗಿ ಉಸಿರು ಎಳ್ಕೋ. ಆದ್ರೆ ಆ ಹೊತ್ತಲ್ಲಿ ಅವರು ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡ್ತಿರ್ತಾರೆ. ಹಾಗೆ ಆಡ್ತಾ ಹೋದ್ರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯತ್ತೆ, ಅದರಿಂದಲೇ ಕೈ ಜೋಮು, ತುಟಿ ಸುತ್ತ ಚುಮುಚುಮು, ತಲೆಸುತ್ತು. ಅದನ್ನ ನೋಡಿ ಇನ್ನಷ್ಟು ಭಯ, ಇನ್ನಷ್ಟು ಉಸಿರು. ಸಿಸ್ಟರ್ "ಬಿಡಿ" ಅಂದಿದ್ದು ಅದಕ್ಕೆ. ಎಳ್ಕೊಳ್ಳೋದು ದೇಹಕ್ಕೆ ಗೊತ್ತು, ಬಿಡೋದನ್ನ ಉದ್ದ ಮಾಡಬೇಕು.

ಮತ್ತೆ ಪ್ರಶ್ನೆ ಯಾಕೆ ಕೇಳಲಿಲ್ಲ? ಇದರ ಹಿಂದೆ ಹಿಲ್ಡೆಗಾರ್ಡ್ ಪೆಪ್ಲೌ ಅನ್ನೋ ಅಮೆರಿಕದ ನರ್ಸ್ ಇದ್ದಾರೆ. 1952ರಲ್ಲಿ ನರ್ಸ್ ಮತ್ತು ರೋಗಿಯ ಸಂಬಂಧದ ಬಗ್ಗೆ ಒಂದು ಪುಸ್ತಕ ತಂದರು. ಬರೆದು ಮುಗಿಸಿ ನಾಲ್ಕು ವರ್ಷ ಅದು ಅಚ್ಚಾಗಲಿಲ್ಲ. ಜೊತೆಗೆ ಡಾಕ್ಟರೊಬ್ಬರ ಹೆಸರಿಲ್ಲದೆ ಬರೀ ನರ್ಸ್ ಬರೆದ ಪುಸ್ತಕ ಹೊರಗೆ ಬರೋದು ಆ ಕಾಲಕ್ಕೆ ಜೀರ್ಣ ಆಗ್ಲಿಲ್ಲ. ಇವತ್ತು ಸೈಕಿಯಾಟ್ರಿಕ್ ನರ್ಸಿಂಗ್ ಓದೋ ಎಲ್ಲರೂ ಅವರನ್ನ ಓದ್ತಾರೆ. ಪೆಪ್ಲೌ ಆತಂಕಕ್ಕೆ ನಾಲ್ಕು ಮಟ್ಟ ಇಟ್ಟರು. ಮೊದಲನೇದು ಸಣ್ಣದು, ಅದು ಒಳ್ಳೇದೇ. ಇಂಟರ್‌ವ್ಯೂಗೆ ಮುಂಚೆ ಕಣ್ಣು ಚುರುಕಾಗಿರತ್ತಲ್ಲ, ಹಾಗೆ. ಎರಡನೇದರಲ್ಲಿ ಗಮನ ಕಿರಿದಾಗತ್ತೆ, ಆದ್ರೂ ಯಾರಾದ್ರೂ ತಿಳಿಸಿ ಹೇಳಿದ್ರೆ ತಲೆಗೆ ಹೋಗತ್ತೆ. ಮೂರನೇದು ತೀವ್ರ, ಒಂದೇ ವಿಷಯಕ್ಕೆ ಮನಸ್ಸು ಅಂಟಿಕೊಂಡುಬಿಡತ್ತೆ, ಬೇರೇನೂ ಒಳಗೆ ಇಳಿಯಲ್ಲ. ನಾಲ್ಕನೇದು ಪ್ಯಾನಿಕ್.

ನರ್ಸ್ ಮೊದಲು ನೋಡೋದು ನೀವು ಯಾವ ಮಟ್ಟದಲ್ಲಿದ್ದೀರ ಅಂತ. ಮೂರು, ನಾಲ್ಕರಲ್ಲಿ ಇರೋರಿಗೆ ಬುದ್ಧಿ ಹೇಳೋದು ದಂಡ. ಅಲ್ಲಿ ಜೊತೆಗಿರಬೇಕು, ಗಲಾಟೆ ಕಡಿಮೆ ಮಾಡಬೇಕು, ಮೂರು ನಾಲ್ಕು ಪದದ ವಾಕ್ಯ ಸಾಕು. ಒಂದು, ಎರಡಕ್ಕೆ ಇಳಿದ ಮೇಲೇ ಕಲಿಸೋದು. "ಬೆಂಕಿ ಬಿದ್ದಾಗ ಬಾವಿ ತೋಡೋಕೆ ಆಗತ್ತಾ ಕಣಪ್ಪ? ಆರಾಮಾಗಿರೋವಾಗಲೇ ತೋಡ್ಕೋಬೇಕು" ಅಂದ್ರು ಸಿಸ್ಟರ್. ಉಸಿರಿನ ಅಭ್ಯಾಸ ದಿನಾ ರಾತ್ರಿ ಮಾಡಿಸಿದ್ದು ಅದಕ್ಕೆ, ಅಟ್ಯಾಕ್ ಬಂದಾಗ ಮಾತ್ರ ಅಲ್ಲ.

ಅವರು ಕಲಿಸಿದ ಇನ್ನೊಂದು ನೀವೂ ಇನ್‌ಸ್ಟಾದಲ್ಲಿ ನೋಡಿರ್ತೀರ, 5-4-3-2-1. ಕಾಣೋ ಐದು, ಮುಟ್ಟೋ ನಾಲ್ಕು, ಕೇಳೋ ಮೂರು, ವಾಸನೆ ಎರಡು, ರುಚಿ ಒಂದು. ರೀಲ್ಸಲ್ಲಿ ಅದು ಮಂತ್ರದ ಥರ ಬರತ್ತೆ. ಸಿಸ್ಟರ್ ನನ್ನ ಹತ್ರ ಬಿಎಂಟಿಸಿ ಬಸ್ಸಿಗೇ ಹೊಂದಿಸಿ ಹೇಳಿಸಿದ್ರು: ಕಂಡಕ್ಟರ್ ಬ್ಯಾಗು, ಹಿಡಿಯೋ ಕಂಬಿಯ ತಣ್ಣನೆ, ಹಾರ್ನು, ಮಲ್ಲಿಗೆ ವಾಸನೆ, ಬೆಳಿಗ್ಗೆ ಕುಡಿದ ಕಾಫಿ. ಕಾಫಿ ಅಂದ ತಕ್ಷಣ "ದಿನಕ್ಕೆ ಎಷ್ಟು?" ಅಂದ್ರು. ಆಡಿಟ್ ಸೀಸನ್ನಲ್ಲಿ ಆರೇಳು. ಎರಡಕ್ಕೆ ಇಳಿಸಿ ಅಂದ್ರು. ಎದೆ ಹೊಡ್ಕೊಳ್ಳೋಕೆ ಅದೂ ಒಂದು ಕಾರಣ ಅಂತ ಮೂರು ಇಸಿಜಿ ತೆಗೆದ ಕಡೆ ನನಗೆ ಯಾರೂ ಹೇಳಿರಲಿಲ್ಲ.

ಆ ಮೊದಲ ದಿನವೇ ಅವರು ಇನ್ನೊಂದು ಕೇಳಿದ್ರು. ನಾನು ಕತ್ತರಿಸಿ ಹಾಕ್ಬಿಡೋಣ ಅಂದ್ಕೊಂಡಿದ್ದೆ, ಆದ್ರೂ ಹೇಳ್ತೀನಿ. ರಿಜಿಸ್ಟರ್ ಮುಚ್ಚಿ, ನನ್ನ ಮುಖ ನೋಡಿ, "ಬದುಕೋದೇ ಬೇಡ ಅನ್ಸಿದೆಯಾ? ಸಾಯೋ ಯೋಚನೆ ಬಂದಿದೆಯಾ?" ಅಂದ್ರು. ದನಿ ಬದಲಾಗಲಿಲ್ಲ, ಊಟ ಆಯ್ತಾ ಅಂತ ಕೇಳಿದ ಥರ. ಒಂದ್ ರಾತ್ರಿ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದೆ. ಗಾಬರಿಯಾಗಲಿಲ್ಲ, ಬೈಯಲಿಲ್ಲ, ಅಮ್ಮನ ನೆನಪು ಮಾಡಿಸಲಿಲ್ಲ. ಯಾವಾಗ, ಎಷ್ಟು ಹೊತ್ತು, ಈಗ ಇದೆಯಾ ಅಂತ ಒಂದೊಂದಾಗಿ ಕೇಳಿ, ಡಾಕ್ಟರ್ ಹತ್ರ ಅವರೇ ಕರ್ಕೊಂಡು ಹೋದ್ರು. ಹೀಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ವಾ ಅಂತ ಮೊನ್ನೆ ಕೇಳಿದೆ. ಆಗಲ್ಲ ಅಂದ್ರು, ಕೇಳದೇ ಬಿಟ್ಟಾಗಲೇ ಅದು ಒಳಗೆ ಬೆಳೆಯೋದು ಅಂದ್ರು. ಈ ಕ್ಷೇತ್ರದ ತಜ್ಞರು ಹೇಳೋದೂ ಇದನ್ನೇ. ನಿಮ್ಮ ಫ್ರೆಂಡ್ ಬಗ್ಗೆ ಅನುಮಾನ ಇದ್ರೆ ಸುತ್ತಿ ಬಳಸದೆ ಕೇಳಿ, ಆಮೇಲೆ ಒಬ್ಬನನ್ನೇ ಬಿಟ್ಟು ಹೋಗಬೇಡಿ.

ಡಾಕ್ಟರ್ ಮಾತ್ರೆ ಬರೆದ್ರು. ಮಾತ್ರೆ ಬರೆಯೋದು ಮನೋವೈದ್ಯರ ಕೆಲಸ, ನರ್ಸ್ ಬರೆಯಲ್ಲ. ಆದ್ರೆ ಆ ಮಾತ್ರೆ ಹೊಟ್ಟೆಗೆ ಹೋಗೋ ಥರ ನೋಡ್ಕೊಳ್ಳೋದು ನರ್ಸ್. ಶುರುವಲ್ಲಿ ಹೊಟ್ಟೆ ತೊಳಸಬಹುದು, ಗುಣ ಗೊತ್ತಾಗೋಕೆ ಕೆಲವು ವಾರ ಬೇಕು, ಮಧ್ಯದಲ್ಲಿ ಬಿಡಬೇಡಿ ಅಂತ ಸಿಸ್ಟರ್ ಮೊದಲೇ ಹೇಳಿದ್ರು. ನಾನು ಎಂಟನೇ ದಿನ ಬಿಟ್ಟೆ. ಹುಚ್ಚಿನ ಮಾತ್ರೆ ಅಂತ ಗೆಳೆಯ ಒಬ್ಬ ಅಂದ, "ಲೋ, ಜಿಮ್ ಸೇರ್ಕೋ ಸಾಕು" ಅಂದ. ಮುಂದಿನ ಸಲ ಹೋದಾಗ ಸಿಸ್ಟರ್ ಕೈ ಚಾಚಿ "ಸ್ಟ್ರಿಪ್ ತೋರಿಸಿ" ಅಂದ್ರು. ಸ್ಟಾಕ್ ವೆರಿಫಿಕೇಷನ್! ಎಷ್ಟು ಗೋಡೌನಲ್ಲಿ ನಾನೇ ಮಾಡಿದ್ದೀನಿ. ಸಿಕ್ಕಿಬಿದ್ದೆ. ಬೈಯಲಿಲ್ಲ. "ಯಾವುದಕ್ಕೆ ಬಿಟ್ರಿ, ಹೊಟ್ಟೆಗಾ, ನಾಚಿಕೆಗಾ?" ಅಂದ್ರು. ಎರಡನೇದು ಅಂತ ಒಪ್ಕೊಳ್ಳೋಕೆ ಐದು ನಿಮಿಷ ಬೇಕಾಯ್ತು.

ಮನೆಗೆಲಸ ಅಂತ ಒಂದು ಪುಸ್ತಕ ಇಡಿಸಿದ್ರು. ಭಯ ಬಂದಾಗ ಎಲ್ಲಿ, ಎಷ್ಟು ಗಂಟೆ, ಹತ್ತಕ್ಕೆ ಎಷ್ಟು, ಏನಾಗತ್ತೆ ಅಂತ ಅನ್ನಿಸ್ತು, ಕೊನೆಗೆ ಏನಾಯ್ತು. ನಾನು ಗೆರೆ ಹೊಡೆದು ಲೆಡ್ಜರ್ ಥರ ಮಾಡ್ಕೊಂಡೆ. ಎಡಗಡೆ ಅಂದಾಜು, ಬಲಗಡೆ ವಾಸ್ತವ. ತಿಂಗಳ ಕೊನೆಗೆ ನೋಡಿದ್ರೆ ಎಡಗಡೆ "ಸಾಯ್ತೀನಿ" ಅಂತ 19 ಎಂಟ್ರಿ. ಬಲಗಡೆ "ಸತ್ತೆ" ಅನ್ನೋದು ಒಂದೂ ಇಲ್ಲ, ಇರೋಕಾದ್ರೂ ಹೇಗೆ ಸಾಧ್ಯ. ಯಾವ ಕಂಪನಿ ಆದ್ರೂ ಇಷ್ಟು ತಪ್ಪು ಅಂದಾಜು ಹಾಕಿದ್ರೆ ನಾವು ಸಹಿ ಹಾಕ್ತಿರಲಿಲ್ಲ. ಸಿಸ್ಟರ್ ಏನೂ ವಿವರಿಸಲಿಲ್ಲ, ಪುಸ್ತಕ ತಿರುಗಿಸಿ ನನ್ನ ಕಡೆ ತಳ್ಳಿದ್ರು.

ಆಮೇಲೆ ಬಸ್ಸು. ಆ ಸೆಪ್ಟೆಂಬರ್ ಆದ್ಮೇಲೆ ನಾನು ಬಸ್ ಹತ್ತಿರಲಿಲ್ಲ. ಆಟೋ, ಇಲ್ಲ ಅಂದ್ರೆ ಯಾರದ್ದಾದ್ರೂ ಗಾಡಿ. ಸಂಬಳದಲ್ಲಿ ದೊಡ್ಡ ಪಾಲು ಆಟೋಗೇ ಹೋಗ್ತಿತ್ತು, ಆದ್ರೂ ಭಯ ಕಮ್ಮಿ ಆಗದೆ ಹೆಚ್ಚೇ ಆಗಿತ್ತು. ತಪ್ಪಿಸ್ಕೊಂಡಷ್ಟೂ ಭಯಕ್ಕೆ ತಾನೇ ಸರಿ ಅನ್ನಿಸ್ತಾ ಹೋಗತ್ತಂತೆ. ಹಾಗಂತ ನಾಳೆಯಿಂದಲೇ ಯಶವಂತಪುರಕ್ಕೆ ಬಸ್ಸಲ್ಲಿ ಹೋಗಿ ಅನ್ನಲಿಲ್ಲ. ಮೊದಲ ವಾರ ಸಿಂಗಾಪುರದಿಂದ ಎಂ.ಎಸ್. ಪಾಳ್ಯ ಅಷ್ಟೇ, ಭಾನುವಾರ, ಖಾಲಿ ಬಸ್ಸು. ಭಯ ಬಂದ್ರೆ ಇಳೀಬೇಡಿ, ಅದು ತಾನಾಗೇ ಇಳಿಯೋ ತನಕ ಕೂತಿರಿ, ಆಮೇಲೆ ನೀವಿಳೀರಿ ಅಂದ್ರು. ಆಮೇಲೆ ಗಂಗಮ್ಮ ಸರ್ಕಲ್. ಬಿಇಎಲ್ ಸರ್ಕಲ್ ತನಕ ಹೋಗೋಕೆ ಎರಡೂವರೆ ತಿಂಗಳು ಹಿಡೀತು. ಅಲ್ಲಿ ಆವತ್ತೂ ಬಸ್ಸು 20 ನಿಮಿಷ ನಿಂತಿತ್ತು. ಹತ್ತಕ್ಕೆ ಏಳು ಅಂತ ಬರೆದಿದ್ದೀನಿ ಪುಸ್ತಕದಲ್ಲಿ. ಇಳಿಯಲಿಲ್ಲ.

ಇಷ್ಟೆಲ್ಲಕ್ಕಿಂತ ನನ್ನನ್ನ ಅಲ್ಲಾಡಿಸಿದ್ದು ಅಮ್ಮ ಬಂದ ದಿನ. ಮೂರನೇ ಸಲ ಹೋಗೋವಾಗ ಅಮ್ಮ ತಾನೂ ಬರ್ತೀನಿ ಅಂತ ಹಟ ಹಿಡಿದ್ರು. ಕೂತ ತಕ್ಷಣ "ಇವ್ನಿಗೆ ದೃಷ್ಟಿ ಆಗಿದೆ ಸಿಸ್ಟರ್. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರೆ ಘಾಟೇ ಬರ್ಲಿಲ್ಲ" ಅಂದ್ರು. ನನಗೆ ಭೂಮಿ ಬಾಯಿ ಬಿಟ್ರೆ ಸಾಕಿತ್ತು. ಸಿಸ್ಟರ್ ನಗಲಿಲ್ಲ. "ಹೂಂ ಕಣಮ್ಮ, ಅದನ್ನೂ ಮಾಡಿ, ಮಾತ್ರೆನೂ ಕೊಡಿ. ನೀವು ರಾತ್ರಿ ಎಷ್ಟು ಹೊತ್ತು ಮಲಗ್ತೀರಮ್ಮ?" ಅಂದ್ರು.

ಅಮ್ಮ ಸೆರಗು ಬಾಯಿಗೆ ಹಿಡ್ಕೊಂಡ್ರು. ಅಪ್ಪ ಹೋದಾಗಿನಿಂದ ದಿನಾ ರಾತ್ರಿ ಎರಡು ಮೂರು ಸಲ ಎದ್ದು ನನ್ನ ರೂಮಿಗೆ ಬರ್ತಾರಂತೆ. ಮೂಗಿನ ಹತ್ರ ಕೈ ಇಟ್ಟು ಉಸಿರಾಡ್ತಿದ್ದೀನಾ ಅಂತ ನೋಡ್ತಾರಂತೆ. ನಾಲ್ಕು ವರ್ಷ. ಒಂದೇ ಮನೇಲಿದ್ದು ನನಗೆ ಗೊತ್ತೇ ಇರಲಿಲ್ಲ. ನನ್ನ ಭಯ ಅಮ್ಮನಿಗೆ ಗೊತ್ತಾಗಬಾರದು ಅಂತ ನಾನು ಮುಚ್ಚಿಡ್ತಿದ್ದೆ, ತನ್ನದು ನನಗೆ ಗೊತ್ತಾಗಬಾರದು ಅಂತ ಅವರು.

ಸಿಸ್ಟರ್ ನನ್ನನ್ನ ಹೊರಗೆ ಕಳಿಸಿ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡಿದ್ರು. ಹೊರಗೆ ಬಂದಾಗ ಅಮ್ಮನ ಕೈಲೂ ಒಂದು ಓಪಿಡಿ ಚೀಟಿ ಇತ್ತು.

ಮನೆಯೋರನ್ನೂ ಸೇರಿಸ್ಕೊಂಡು ನೋಡೋದು ಬೆಂಗಳೂರಿಗೆ ಹೊಸದಲ್ಲ. 1847ರಲ್ಲಿ ಇಲ್ಲಿ ಶುರುವಾಗಿದ್ದ ಹುಚ್ಚಾಸ್ಪತ್ರೆ ಮುಂದೆ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿ, 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ ಅಲ್ಲಿ 1950ರ ದಶಕದಲ್ಲೇ ಶುರುವಾಗಿತ್ತು. 1980ರ ದಶಕದ ಆರಂಭದಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಇಲ್ಲೇ ಒಂದು ಅಧ್ಯಯನ ಮಾಡಿದ್ರು. ಸ್ಕಿಜೋಫ್ರೇನಿಯಾ ಇರೋ ಕೆಲವರನ್ನ ಆಸ್ಪತ್ರೆಯಲ್ಲಿಟ್ಟು ನೋಡ್ಕೊಂಡ್ರು, ಇನ್ನು ಕೆಲವರನ್ನ ಮನೆಯಲ್ಲೇ ಬಿಟ್ಟು, ತರಬೇತಾದ ನರ್ಸ್ ಮನೆಗೆ ಹೋಗಿ ಬಂದು ನೋಡ್ಕೊಂಡ್ರು. ಆರು ತಿಂಗಳಾದ ಮೇಲೆ ಮನೆಯಲ್ಲಿದ್ದೋರೇ ಹೆಚ್ಚು ಸುಧಾರಿಸಿದ್ರು, ಮನೆಯೋರ ಹೊರೆನೂ ಕಡಿಮೆಯಾಗಿತ್ತು. ಅದು ನನ್ನ ಕಾಯಿಲೆ ಅಲ್ಲ, ಗೊತ್ತು. ಆದ್ರೆ ಓದ್ತಾ ಅಮ್ಮನ ಚೀಟಿ ನೆನಪಾಯ್ತು.

ಹಾಗಾದ್ರೆ ಎಲ್ಲರಿಗೂ ಇಂಥ ಸಿಸ್ಟರ್ ಸಿಗ್ತಾರಾ? ಇಲ್ಲ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರೋ 100 ಜನರಲ್ಲಿ 80ಕ್ಕಿಂತ ಹೆಚ್ಚು ಜನ ಚಿಕಿತ್ಸೆಯ ಹೊರಗಿದ್ರು. ಸಿಕ್ಕ ಕಡೆನೂ ಸಿಸ್ಟರ್‌ಗಳಿಗೆ ಒಬ್ಬರ ಪಕ್ಕ ಹತ್ತು ನಿಮಿಷ ಕೂರೋ ಪುರುಸೊತ್ತು ಇರಲ್ಲ. ನಾನು ಹೋದ ದಿನ ಅವರು ಪೆನ್ ಕೆಳಗಿಟ್ಟು ಬಂದಾಗ, ಆ ರಿಜಿಸ್ಟರ್ ಕೆಲಸ ಯಾರು ಮಾಡಿದ್ರು ಅಂತ ಮೊನ್ನೆ ಕೇಳಿದೆ. "ಡ್ಯೂಟಿ ಮುಗಿದ ಮೇಲೆ ನಾನೇ" ಅಂದ್ರು. ನಿಮಗೆ ಸ್ಟ್ರೆಸ್ ಆದ್ರೆ ಯಾರ ಹತ್ರ ಹೋಗ್ತೀರಾ ಅಂದೆ. "ನನಗೂ ಒಬ್ರು ಸಿಸ್ಟರ್ ಇದಾರಪ್ಪ, ನನ್ನ ಬ್ಯಾಚ್‌ಮೇಟು. ವಾರಕ್ಕೊಂದ್ಸಲ ಫೋನಲ್ಲಿ ಇಬ್ರೂ ಅತ್ಕೋತೀವಿ" ಅಂತ ನಕ್ಕರು. ಅದು ಸಾಕಾ ಅಂತ ನನಗೆ ಈಗಲೂ ಅನ್ನಿಸತ್ತೆ. ಬೇರೆಯೋರ ಭಯ ದಿನವಿಡೀ ಹೊರೋರಿಗೆ ವ್ಯವಸ್ಥೆ ಏನಾದ್ರೂ ಕೊಡಬೇಕಲ್ವಾ, ಬ್ಯಾಚ್‌ಮೇಟ್ ಫೋನ್ ನಂಬರ್ ಬಿಟ್ಟು?

ನಂಬರ್ ಅಂದ್ರೆ, ಬರ್ಕೊಳ್ಳಿ: 14416. ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಅನ್ನೋ ಕಾರ್ಯಕ್ರಮವೂ ಕರ್ನಾಟಕದಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಅಂತ ಮೊದಲೇ ವಿಚಾರಿಸ್ಕೊಂಡು ಹೋಗಿ. ಅಲ್ಲಿ ಸಿಸ್ಟರ್ ಸಿಕ್ಕಿದ್ರೆ ಬಿಪಿ ನೋಡಿಸ್ಕೊಂಡು ಎದ್ದು ಬರಬೇಡಿ, ಕೂತು ಮಾತಾಡಿ.

ನನಗೆ ಈಗ ಮಾತ್ರೆ ನಿಂತಿದೆ, ಡಾಕ್ಟರ್ ಹೇಳಿದ ಮೇಲೆ, ನಿಧಾನಕ್ಕೆ ಇಳಿಸಿ. ಭಯ ಪೂರ್ತಿ ಹೋಗಿಲ್ಲ, ಕಳೆದ ತಿಂಗಳು ಹೆಬ್ಬಾಳ ಫ್ಲೈಓವರ್ ಮೇಲೆ ಒಂದ್ಸಲ ಬಂದಿತ್ತು, ಹತ್ತಕ್ಕೆ ನಾಲ್ಕು. ಅಮ್ಮ ಇನ್ನೂ ಫಾಲೋಅಪ್‌ಗೆ ಹೋಗ್ತಿದ್ದಾರೆ. ರಾತ್ರಿ ಬರೋದು ಒಂದು ಸಲಕ್ಕೆ ಇಳಿದಿದೆ. ಅವರು ಬಂದಾಗ ನಾನು ಎಚ್ಚರ ಇದ್ರೂ ಕಣ್ಣು ಮುಚ್ಕೊಂಡೇ ಇರ್ತೀನಿ, ಉಸಿರು ಸ್ವಲ್ಪ ಜೋರಾಗಿ ಬಿಡ್ತೀನಿ.

ಮುಂದಿನ ಡೇಟ್ ಈ ಮಂಗಳವಾರ. ಆಟೋ ಬುಕ್ ಮಾಡ್ಲಾ ಅಂದ್ರೆ ಅಮ್ಮ, "ಬೇಡ ಬಿಡು, ಬಸ್ಸಲ್ಲೇ ಹೋಗೋಣ, ನಂಗೂ ಫ್ರೀ" ಅಂದ್ರು. ಅದಕ್ಕೆ ಮುಂದಿನ ಎಪಿಸೋಡ್ ಒಂದು ದಿನ ತಡ ಆಗತ್ತೆ, ಬೈಕೋಬೇಡಿ. ಸಿಗೋಣ.